ಸರೋಜಿನಿ ನಾಯ್ಡು ಅವರ ‘ಇಂಡಿಯನ್ ವೀವರ್ಸ್’: ಮದುವೆಯ ಬಟ್ಟೆಯನ್ನು ಮುಸ್ಸಂಜೆಯಲ್ಲಿ ನೇಯುವುದೇಕೆ?

ಪ್ರಶ್ನೆ:
1905ರ ‘ದ ಗೋಲ್ಡನ್ ಥ್ರೆಶೋಲ್ಡ್’ ಸಂಕಲನದಲ್ಲಿರುವ ಈ ಕವಿತೆಯನ್ನು ಮಗಳಿಗೆ ಹೇಳಿಕೊಡುತ್ತಿದ್ದೇನೆ. ನೇಕಾರರು ಬೆಳಗಿನ ಜಾವ ಹಸುಗೂಸಿನ ಉಡುಪನ್ನೂ, ಮುಸ್ಸಂಜೆಯಲ್ಲಿ ರಾಣಿಯ ಮದುವೆಯ ಮೇಲ್ಮುಸುಕನ್ನೂ, ಬೆಳದಿಂಗಳಲ್ಲಿ ಶವದ ಹೊದಿಕೆಯನ್ನೂ ನೇಯುತ್ತಾರೆ. ಹುಟ್ಟು, ಯೌವನ, ಸಾವು ಎಂಬ ಕ್ರಮ ಸ್ಪಷ್ಟವಾಗಿದೆ. ಆದರೆ ಯೌವನಕ್ಕೆ ನಡುಹಗಲಲ್ಲವೇ ಹೊಂದುವುದು? ಈ ಮೂರನ್ನು ತ್ರಿಮೂರ್ತಿಗಳಿಗೆ ಹೋಲಿಸುವ ವಿವರಣೆಯನ್ನೂ ಓದಿದೆ. ಅದನ್ನು ಒಪ್ಪಬಹುದೇ?

ಮೊದಲ ಉತ್ತರ:
ಹೊತ್ತನ್ನು ವಯಸ್ಸಿನ ಲೆಕ್ಕವೆಂದು ನೋಡದೆ ಬೆಳಕಿನ ಇಳಿಕೆಯೆಂದು ನೋಡಿದರೆ ಈ ತೊಡಕು ಬಗೆಹರಿಯುತ್ತದೆ. ಬೆಳದಿಂಗಳಲ್ಲಿ ನಮ್ಮ ಕಣ್ಣಿಗೆ ಬಣ್ಣಗಳು ಸರಿಯಾಗಿ ತೋರುವುದಿಲ್ಲವಾದ್ದರಿಂದ, ಕೂಸಿನ ಉಡುಪಿನ ನೀಲಿ ಮತ್ತು ಮೇಲ್ಮುಸುಕಿನ ನೇರಳೆ-ಹಸಿರುಗಳ ನಂತರ ಶವದ ಹೊದಿಕೆಗೆ ಬರಿಯ ಬಿಳುಪು ಉಳಿಯುವುದು ತೀರ ಸಹಜ. ಹಗಲು ಮುಗಿಯುವ ಗಳಿಗೆಯಲ್ಲೇ ಅತ್ಯಂತ ವರ್ಣರಂಜಿತ ವಸ್ತ್ರ ಮಗ್ಗದ ಮೇಲಿರುವುದರಿಂದ, ಆ ಸಂಭ್ರಮದ ಬೆನ್ನಿಗೇ ಕತ್ತಲೆ ನಿಂತಿರುವುದು ಓದುಗನಿಗೆ ತಟ್ಟುತ್ತದೆ.

ಎರಡನೆಯ ಉತ್ತರ:
ಬಣ್ಣಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಕ್ಕಿಯನ್ನು ಮಾತ್ರ ಮರೆಯುತ್ತಾರೆ. ಮೂರು ಪದ್ಯಗಳಲ್ಲೂ ಹಕ್ಕಿಯಿದೆ. ಮೊದಲನೆಯದರಲ್ಲಿ ಕಾಡು ಮಿಂಚುಳ್ಳಿಯ ರೆಕ್ಕೆ, ಅದು ಹಾರಬಲ್ಲದ್ದು. ಎರಡನೆಯದರಲ್ಲಿ ನವಿಲಿನ ಗರಿಗಳು. ಅವು ಮೆರೆಯುವುದಕ್ಕಾಗಿ ಇರುವಂಥವು. ಮೂರನೆಯದರಲ್ಲಿ ಯಾವ ಹಕ್ಕಿಯದೆಂಬ ಹೆಸರೂ ಇಲ್ಲದ ಒಂದೇ ಒಂದು ಬಿಳಿಗರಿ, ಅದರ ಪಕ್ಕದಲ್ಲಿ ಮೋಡ. ಮೈಯಿಂದ ಕಳಚಿಕೊಂಡ ಗರಿ ಹಗುರ, ಮೋಡವೂ ಹಗುರ. ಜೀವ ದೇಹವನ್ನು ಬಿಟ್ಟುಹೋಗುವುದನ್ನು ‘ಆತ್ಮ’ ಎಂಬ ಮಾತನ್ನೇ ಎತ್ತದೆ ಕವಯಿತ್ರಿ ಹೇಳಿರುವ ಬಗೆ ನನಗೆ ಈ ಹನ್ನೆರಡು ಸಾಲುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮೂರನೆಯ ಉತ್ತರ:
ತ್ರಿಮೂರ್ತಿಗಳ ಹೋಲಿಕೆಗೆ ಕವಿತೆಯೊಳಗೆ ನೇರ ಆಧಾರವಿಲ್ಲ. ಪರೀಕ್ಷೆಯಲ್ಲಿ ಅದನ್ನು ಒಂದು ವ್ಯಾಖ್ಯಾನವೆಂದಷ್ಟೇ ಬರೆಯುವುದು ಕ್ಷೇಮ. ಅದಕ್ಕಿಂತ ಪ್ರಶ್ನೆಗಳ ರೂಪವನ್ನು ಮಗಳಿಗೆ ತೋರಿಸಿ. ಮೊದಲೆರಡು ಪದ್ಯಗಳಲ್ಲಿ ಕೇಳುವವರು ‘ಏಕೆ ನೇಯುತ್ತೀರಿ’ ಎನ್ನುತ್ತಾರೆ, ಬಟ್ಟೆಯ ಅಂದವನ್ನೂ ಮೆಚ್ಚುತ್ತಾರೆ. ಮೂರನೆಯದರಲ್ಲಿ ಆ ಮೆಚ್ಚುಗೆಯಿಲ್ಲ. ಪ್ರಶ್ನೆ ‘ಏನನ್ನು ನೇಯುತ್ತೀರಿ’ ಎಂದು ಬದಲಾಗುತ್ತದೆ, ಏಕೆಂದರೆ ಕಣ್ಣೆದುರಿನ ವಸ್ತ್ರ ಯಾವುದೆಂಬುದೇ ಅವರಿಗೆ ತಿಳಿಯದು. ನೇಕಾರರ ಉತ್ತರ ಮಾತ್ರ ಮೂರು ಸಲವೂ ‘ನಾವು ನೇಯುತ್ತೇವೆ’ ಎಂದೇ ಇದ್ದು, ತೊಟ್ಟಿಲಿನ ಬಟ್ಟೆಗೂ ಹೆಣದ ಬಟ್ಟೆಗೂ ಅವರ ಮಾತಿನ ಧಾಟಿ ಬೇರೆಯಾಗುವುದಿಲ್ಲ.