ಊರಿಂದ ಬಂದ್ರೆ ಫ್ರಿಜ್ ಆಫ್ ಆಗಿತ್ತು, ಎಷ್ಟು ತೊಳೆದ್ರೂ ಮೀನಿನ ವಾಸನೆ ಹೋಗ್ತಿಲ್ಲ

ಬೀಗದಕೈ:
ದಸರಾ ರಜೆಗೆ ಮನೆ ಬೀಗ ಹಾಕಿತ್ತು. ವಾಪಸ್ ಬಂದಾಗ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನಾಗೇ ಆಫ್ ಆಗೋ ಸ್ವಿಚ್) ಕೆಳಗೆ ಬಿದ್ದಿತ್ತು, ಫ್ರಿಜ್ ಒಳಗೆ ಬೆಚ್ಚಗಾಗಿತ್ತು. ಫ್ರೀಜರ್‌ನಲ್ಲಿದ್ದ ಬಂಗುಡೆ ಕರಗಿ ನೀರು ತರಕಾರಿ ಟ್ರೇವರೆಗೂ ಇಳಿದಿದೆ. ದೋಸೆ ಹಿಟ್ಟು ಉಕ್ಕಿ ಮುಚ್ಚಳ ಎತ್ತಿದೆ. ಡಬಲ್ ಡೋರ್, ಫ್ರಾಸ್ಟ್ ಫ್ರೀ. ಎಲ್ಲಾ ಖಾಲಿ ಮಾಡಿ ಸೋಪ್ ನೀರಲ್ಲಿ ತೊಳೆದಾಯ್ತು; ಬಾಗಿಲು ಮುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ವಾಸನೆ. ಎಲ್ಲಿಂದ ಬರ್ತಿದೆ? ತುಪ್ಪ, ಬೆಣ್ಣೆ, ಉಪ್ಪಿನಕಾಯಿ ಇಟ್ಕೋಬಹುದಾ? ಸಿಂಕ್ ಕಡೆಯಿಂದ ಬೇರೆ ಥರದ ನಾತ ಬೇರೆ.

ತಂಪುಪೆಟ್ಟಿಗೆ:
ಒಳಗೆ ತೊಳೆದಿದ್ದೀರಿ, ಹಿಂದೆ ತೊಳೆದಿಲ್ಲ. ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಕರಗಿದ ನೀರು ಫ್ರೀಜರ್ ಹಿಂಭಾಗದ ತೂತಿನಿಂದ ಪೈಪ್‌ನಲ್ಲಿ ಇಳಿದು ಕಂಪ್ರೆಸರ್ ಮೇಲಿರೋ ಟ್ರೇ ಸೇರುತ್ತೆ. ಮೀನಿನ ನೀರೂ ಅದೇ ದಾರಿ ಹಿಡಿದಿರುತ್ತೆ. ಪ್ಲಗ್ ಕಿತ್ತು, ಫ್ರಿಜ್ ಮುಂದಕ್ಕೆಳೆದು, ಹಿಂದೆ ಕೆಳಗೆ ನೋಡಿ.

ಮೊದಲು ವಿನೆಗರ್, ಆಮೇಲೆ ಸೋಡಾ. ಮೀನಿನ ನಾತಕ್ಕೆ ಕಾರಣ ಟ್ರೈಮಿಥೈಲಮೀನ್, ಅದು ಕ್ಷಾರ, ಹುಳಿಗೆ ಬಗ್ಗುತ್ತೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು ನೀರಲ್ಲಿ ಒರೆಸಿ. ದೋಸೆ ಹಿಟ್ಟಿನ ಹುಳಿನಾತಕ್ಕೆ ಲೀಟರ್ ಬೆಚ್ಚನೆ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ. ಎರಡನ್ನೂ ಒಂದೇ ಬಟ್ಟಲಲ್ಲಿ ಬೆರೆಸಿದ್ರೆ ನೊರೆ ಬರೋದು ಬಿಟ್ಟು ಬೇರೇನೂ ಆಗಲ್ಲ. ಬ್ಲೀಚ್ ಜೊತೆ ವಿನೆಗರ್ ಅಂತೂ ಬೇಡವೇ ಬೇಡ, ಕ್ಲೋರಿನ್ ಅನಿಲ ಏಳುತ್ತೆ.

ಬಾಗಿಲಿನ ಗ್ಯಾಸ್ಕೆಟ್‌ನ (ಸುತ್ತಲಿನ ರಬ್ಬರ್ ಪಟ್ಟಿ) ಮಡಿಕೆ ಬಿಡಿಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಗಾಜಿನ ಶೆಲ್ಫ್‌ನ ಪ್ಲಾಸ್ಟಿಕ್ ಅಂಚು ಕಳಚಿ ನೋಡಿ, ಅಲ್ಲಿ ಹಿಟ್ಟು ಒಣಗಿ ಕೂತಿರುತ್ತೆ. ಆಮೇಲೆ ಬಾಗಿಲು ಓರೆ ಮಾಡಿ ಒಂದು ದಿನ ಒಣಗಲಿ. ಮನೇಲಿ ಚಿಕ್ಕ ಮಕ್ಕಳಿದ್ರೆ ಹುಷಾರು. ಮುದುಡಿದ ನ್ಯೂಸ್‌ಪೇಪರ್, ಇದ್ದಿಲು ಉಳಿದ ವಾಸನೆ ಹೀರುತ್ತವೆ, ಆದ್ರೆ ಕೊಳೆ ಒಳಗೇ ಇದ್ರೆ ಇವು ಎಷ್ಟಿದ್ರೂ ಸಾಲಲ್ಲ.

ಬೀಗದಕೈ:
ಟ್ರೇ ಸ್ಕ್ರೂ ಹಾಕಿ ಕೂರಿಸಿದ್ದಾರೆ, ಹೊರಗೆ ಬರ್ತಿಲ್ಲ. ಒಳಗೆ ಕಂದು ಬಣ್ಣದ ಲೋಳೆ ಇದೆ.

ತಂಪುಪೆಟ್ಟಿಗೆ:
ಅದೇ ಕಳ್ಳ. ಕೀಳೋಕೆ ಹೋಗ್ಬೇಡಿ, ಪಕ್ಕದಲ್ಲೇ ತಾಮ್ರದ ಪೈಪ್ ಇದೆ, ಬಾಗಿದ್ರೆ ಗ್ಯಾಸ್ ಹೋಗುತ್ತೆ. ಲೋಳೆಯನ್ನ ಹಳೇ ಬಟ್ಟೆಯಿಂದ ಹೀರಿಸಿ, ವಿನೆಗರ್ ನೀರು ಸ್ವಲ್ಪ ಸುರಿದು ಮತ್ತೆ ಹೀರಿಸಿ. ಡ್ರೈನ್ ತೂತು ಕೈಗೆ ಸಿಕ್ಕಿದ್ರೆ ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಬೆಚ್ಚನೆ ಸೋಡಾ ನೀರು ಬಿಡಿ. ಕುದಿಯೋ ನೀರು ಬೇಡ, ಪ್ಲಾಸ್ಟಿಕ್ ಸೀಳುತ್ತೆ. ಇಷ್ಟಾದ್ಮೇಲೂ ಫ್ಯಾನ್ ತಿರುಗಿದಾಗ ಮಾತ್ರ ವಾಸನೆ ಬಂದ್ರೆ, ಫ್ರೀಜರ್‌ನಿಂದ ಕೆಳಗಿಳಿಯೋ ಗಾಳಿದಾರಿಯಲ್ಲಿರೋ ಥರ್ಮಾಕೋಲ್ ನೀರು ಕುಡಿದಿದೆ ಅಂತ ಲೆಕ್ಕ. ಮೆಕ್ಯಾನಿಕ್ ಕರೆಸಿ ಅದನ್ನ ಬದಲಾಯಿಸಬೇಕಾಗುತ್ತೆ.

ಒಗ್ಗರಣೆಸೌಟು:
ತುಪ್ಪ, ಎಣ್ಣೆ-ಉಪ್ಪಿನ ಉಪ್ಪಿನಕಾಯಿ, ಹುಣಸೆಹಣ್ಣು, ಬೆಲ್ಲ ಇಟ್ಕೊಳ್ಳಿ. ಅಂಗಡಿಯ ಉಪ್ಪು ಬೆಣ್ಣೆ ಕೆಡದಿದ್ರೂ ಮೀನಿನ ವಾಸನೆ ಹೀರಿರುತ್ತೆ, ಮೂಸಿ ನೋಡಿ. ಮನೆ ಬೆಣ್ಣೆ, ತೆಂಗಿನ ತುರಿ, ಹಾಲು, ಮೊಟ್ಟೆ, ಅನ್ನ, ಸಾರು, ಹುಳಿ ಎಲ್ಲಾ ಎಸೀರಿ. "ಚೆನ್ನಾಗಿ ಕುದಿಸಿದ್ರೆ ಆಯ್ತು" ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಅನ್ನದಲ್ಲಿ ಬೆಳೆಯೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ವಿಷ ಕುದಿಸಿದ್ರೂ ಉಳಿಯುತ್ತೆ. ಬಂಗುಡೆ, ಭೂತಾಯಿ ತಂಪು ತಪ್ಪಿದ್ರೆ ಹಿಸ್ಟಮಿನ್ ಅನ್ನೋ ವಿಷ ಕಟ್ಟುತ್ತೆ, ಅದು ಹುರಿದ್ರೂ ಹೋಗಲ್ಲ, ಮತ್ತೆ ಫ್ರೀಜ್ ಮಾಡಿದ್ರೂ ಹೋಗಲ್ಲ. ಇನ್ಸುಲಿನ್, ಕಣ್ಣಿನ ಡ್ರಾಪ್ಸ್ ಇಟ್ಟಿದ್ರೆ ಡಾಕ್ಟರನ್ನ ಕೇಳದೆ ಬಳಸ್ಬೇಡಿ.

ಸಿಂಕ್ ನಾತ ಸಾಮಾನ್ಯವಾಗಿ ಕೆಳಗಿನ ಟ್ರ್ಯಾಪ್‌ನ (ನೀರು ನಿಲ್ಲೋ ಬಾಗಿದ ಪೈಪ್) ನೀರು ಆರಿದ್ರೆ ಬರೋದು. ಒಂದೆರಡು ಚೊಂಬು ನೀರು ಸುರಿದ್ರೆ ನಿಲ್ಲುತ್ತೆ. ನಿಲ್ಲದಿದ್ರೆ ಆಲೂಗಡ್ಡೆ-ಈರುಳ್ಳಿ ಬುಟ್ಟಿಯ ತಳ ನೋಡಿ. ಒಂದು ಆಲೂಗಡ್ಡೆ ಕೊಳೆತ್ರೂ ಸಾಕು, ಇಡೀ ಮನೆ ಚರಂಡಿ ಥರ ನಾರುತ್ತೆ.

ಮೂರನೇ ತಂತಿ:
ಆರ್‌ಸಿಸಿಬಿ ಯಾಕೆ ಬಿತ್ತು ಅಂತ ಯಾರೂ ಕೇಳ್ಲಿಲ್ಲವಲ್ಲ! ಅದು ಬೀಳೋದು ಕರೆಂಟ್ ಅರ್ತ್‌ಗೆ ಸೋರಿದಾಗ. ಮನೆಗಳಲ್ಲಿ ಹಾಕೋದು ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿಕೆಗೆ ಬೀಳೋವಂಥದ್ದು. ಫ್ರಿಜ್ ಪ್ಲಗ್ ಕಿತ್ತು ಆರ್‌ಸಿಸಿಬಿ ಎತ್ತಿ ನೋಡಿ. ನಿಂತ್ರೆ ಪ್ಲಗ್ ಹಾಕಿ. ತಕ್ಷಣ ಬೀಳದೆ ಕೆಲವು ಗಂಟೆ ಬಿಟ್ಟು ಬಿದ್ರೆ ಮೊದಲ ಅನುಮಾನ ಫ್ರೀಜರ್‌ನ ಮಂಜು ಕರಗಿಸೋ ಡಿಫ್ರಾಸ್ಟ್ ಹೀಟರ್ ಮೇಲೆ. ಅದು ಆಗೊಮ್ಮೆ ಈಗೊಮ್ಮೆ ಮಾತ್ರ ಆನ್ ಆಗುತ್ತೆ, ಒಳಗೆ ತೇವ ಸೇರಿದ್ರೆ ಆಗ ಸೋರುತ್ತೆ. ಮೆಗ್ಗರ್ (ಇನ್ಸುಲೇಷನ್ ಅಳೆಯೋ ಮೀಟರ್) ಹಾಕಿ ನೋಡೋ ಎಲೆಕ್ಟ್ರಿಷಿಯನ್ ಕರೆಸಿ. ಅರ್ತ್ ಪಿನ್ ಮುರಿದು "ಸರಿ ಮಾಡಿಕೊಡ್ತೀನಿ" ಅನ್ನೋರನ್ನ ಬಾಗಿಲಲ್ಲೇ ಕಳಿಸಿ. ಫ್ರಿಜ್‌ನಲ್ಲಿ ತೊಂದರೆ ಇಲ್ಲದಿದ್ರೆ ಅದಕ್ಕೆ ಪ್ರತ್ಯೇಕ ಆರ್‌ಸಿಬಿಒ (ಆ ಒಂದು ಲೈನ್‌ನ ಸೋರಿಕೆ, ಓವರ್‌ಲೋಡ್ ಎರಡಕ್ಕೂ ಬೀಳೋ ಸ್ವಿಚ್) ಹಾಕಿಸಿ. ಗೀಸರ್‌ನಲ್ಲಿ ಕರೆಂಟ್ ಸೋರಿದ್ದಕ್ಕೆ ಫ್ರಿಜ್ ಆಫ್ ಆಗೋದು ತಪ್ಪುತ್ತೆ.

ಮುಂದಿನ ಸಲ ಹೊರಡೋ ಮುಂಚೆ ಫ್ರೀಜರ್‌ನಲ್ಲಿ ಒಂದು ಲೋಟ ನೀರು ಗಟ್ಟಿ ಮಾಡಿ, ಮೇಲೊಂದು ನಾಣ್ಯ ಇಡಿ. ಬಂದಾಗ ನಾಣ್ಯ ತಳಕ್ಕಿಳಿದಿದ್ರೆ ನಡುವೆ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ, ನೋಡೋಕೆ ಎಷ್ಟೇ ಚೆನ್ನಾಗಿದ್ರೂ ತಿನ್ನಬೇಡಿ.