120 ಮನೆಗಳ ಬಡಾವಣೆಗೆ ಹಸಿರುಮನೆ ಅನಿಲದ ಲೆಕ್ಕ: ಸಿಮೆಂಟು ಯಾರ ಖಾತೆಗೆ?

ಹೊಸಲೆಕ್ಕಿಗ:
ನಮಸ್ಕಾರ. 120 ಮನೆಗಳ ಹೊಸ ಬಡಾವಣೆಯ ಪರಿಸರ ವರದಿಯಲ್ಲಿ ಹಸಿರುಮನೆ ಅನಿಲದ ಅಧ್ಯಾಯ ನನ್ನ ತಲೆಗೆ ಬಿದ್ದಿದೆ. ಓದಿದ್ದು ಸಿವಿಲ್, ಈ ಲೆಕ್ಕ ಇದೇ ಮೊದಲು. ಹಳೆಯ ವರದಿಯ ಎಕ್ಸೆಲ್ ಹಾಳೆ ಕೊಟ್ಟು "ಅಂಕಿ ಬದಲಾಯಿಸು, ಸಾಕು" ಅಂದರು. ತೆರೆದು ನೋಡಿದರೆ ಮೂರೇ ಸಾಲು: ಮನೆಗಳ ಕರೆಂಟು, ಜನರೇಟರಿನ ಡೀಸೆಲ್, ಕೊನೆಗೆ ನೆಡಲಿರುವ ಗಿಡಗಳ ಮೈನಸ್ಸು. ಮೊತ್ತ ಎಷ್ಟು ಚೆನ್ನಾಗಿ ಬರುತ್ತೆ ಅಂದರೆ ನನಗೇ ಅನುಮಾನ. ಸಿಮೆಂಟು ಎಲ್ಲಿ ಅಂತ ಕೇಳಿದೆ. ಅದು ಕಾರ್ಖಾನೆಯವರ ಲೆಕ್ಕ, ನಮ್ಮದಲ್ಲ ಅಂದರು. ಹೌದಾ?

ಮೂಟೆ ಎಣಿಸಿದವ:
ಅಲ್ಲ. ಕಾರ್ಖಾನೆಗೆ ಅದು ಸ್ಕೋಪ್ 1, ಅಂದರೆ ತಾನೇ ನೇರವಾಗಿ ಬಿಡೋ ಅನಿಲ; ಕಟ್ಟಿಸುವವರಿಗೆ ಸ್ಕೋಪ್ 3, ಅಂದರೆ ಕೊಂಡ ಸಾಮಗ್ರಿಯ ಹಿಂದೆ ಬೇರೆಯವರು ಬಿಟ್ಟದ್ದು. ಇಬ್ಬರ ವರದಿಯಲ್ಲೂ ಕಾಣಬೇಕಾದ್ದೇ. ಕಟ್ಟಡಗಳಿಗೆ ಇಎನ್ 15978 ಅನ್ನೋ ಮಾನದಂಡ ಇದೆ: ಎ1ರಿಂದ ಎ3 ಸಾಮಗ್ರಿ ತಯಾರಿ, ಎ4 ಸಾಗಣೆ, ಎ5 ಸೈಟ್ ಕೆಲಸ, ಬಿ ಅಂದರೆ ಬಳಕೆಯ ವರ್ಷಗಳು, ಸಿ ಅಂದರೆ ಕೆಡವೋದು. ನಿಮ್ಮ ಹಾಳೆಯ ಕರೆಂಟು, ಡೀಸೆಲ್ ಎರಡೂ ಬಿ6 (ಬಳಕೆಯ ವರ್ಷಗಳ ಇಂಧನ, ಕರೆಂಟು) ಒಂದರಲ್ಲೇ ಮುಗಿದುಹೋದವು.

ಸಿಮೆಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಗೂಡಿನಲ್ಲಿ ಸುಣ್ಣಕಲ್ಲು ಕಾಯ್ದಾಗ ಕಲ್ಲಿನೊಳಗಿದ್ದ ಅನಿಲವೇ ಬಿಟ್ಟುಹೋಗುತ್ತೆ. 100 ಕೆಜಿ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 44 ಕೆಜಿ ಇಂಗಾಲದ ಡೈಆಕ್ಸೈಡ್. ಗೂಡನ್ನ ಬಿಸಿಲಿನ ಕರೆಂಟಲ್ಲಿ ಕಾಯಿಸಿದರೂ ಇದು ತಪ್ಪಲ್ಲ. ಉರುವಲು ಸೇರಿಸಿದರೆ, ಬೂದಿ, ಸ್ಲ್ಯಾಗ್ (ಕುಲುಮೆಯ ಕಿಟ್ಟ) ಬೆರೆಸದ ಸಿಮೆಂಟಿಗೆ ಕೆಜಿಗೆ ಸುಮಾರು 0.9 ಕೆಜಿ ಬರುತ್ತೆ. ಅಂದರೆ 50 ಕೆಜಿ ಮೂಟೆಯ ಹಿಂದೆ 45 ಕೆಜಿ ಅನಿಲ. ಸೈಟಿನಲ್ಲಿ ಯಾರಾದರೂ ಮೂಟೆ ಹೊತ್ತು ಹೋದರೆ ಪಕ್ಕದಲ್ಲೇ ಇನ್ನೊಂದು ಹೋಗ್ತಾ ಇರೋ ಹಾಗೆ ಕಾಣುತ್ತೆ ನನಗೆ. ಮನೆಗೆ 500 ಮೂಟೆ ಹಿಡಿದರೂ 120 ಮನೆಗೆ 2,700 ಟನ್. ಗೃಹಪ್ರವೇಶಕ್ಕೂ ಮುಂಚೆ!

ಈ ಕಾರಣಕ್ಕೇ ಎಲ್ಲವನ್ನೂ ಕಟ್ಟಡದ ಆಯಸ್ಸು ಅಂತ 60 ವರ್ಷಕ್ಕೆ ಹರಡಿ ಒಂದೇ ಮೊತ್ತ ಕೊಡಬೇಡಿ. ಗ್ರಿಡ್ ಅಷ್ಟು ವರ್ಷವೂ ಈಗಿನಷ್ಟೇ ಕಲ್ಲಿದ್ದಲು ಸುಡುತ್ತೆ ಅಂತ ಹಿಡಿದರೆ ಕರೆಂಟಿನ ಸಾಲು ಉಬ್ಬಿ, ಸಿಮೆಂಟು ಚಿಲ್ಲರೆಯ ಹಾಗೆ ಕಾಣುತ್ತೆ. ಕಟ್ಟುವಾಗ ಹೋಗಿಬಿಡೋದು ಒಂದು ಕಾಲಂ, ವರ್ಷವರ್ಷ ಹೋಗೋದು ಇನ್ನೊಂದು.

ಇನ್ನೊಂದು, ನಾನೇ ಬಿದ್ದ ಗುಂಡಿ. ಮನೆಗಳ ಬಿಒಕ್ಯೂ (ಸಾಮಗ್ರಿ, ಕೆಲಸದ ಪ್ರಮಾಣದ ಪಟ್ಟಿ) ನೋಡಿ ಮೂಟೆ ಲೆಕ್ಕ ಹಾಕಿ ಹೆಮ್ಮೆಯಿಂದ ಕೊಟ್ಟಿದ್ದೆ. ರಸ್ತೆ, ಚರಂಡಿ, ಕಾಂಪೌಂಡು, ನೀರಿನ ಟ್ಯಾಂಕು ಬೇರೆ ಟೆಂಡರಿನಲ್ಲಿದ್ದವು. ಸಭೆಯಲ್ಲಿ ಸ್ಟೋರ್ ಕೀಪರ್ ರಿಜಿಸ್ಟರ್ ತೆಗೆದು "ಸಾರ್, ಈ ಲೋಡುಗಳು?" ಅಂದಾಗ ಮುಖ ಎಲ್ಲಿಡೋದು ತಿಳೀಲಿಲ್ಲ.

ಗ್ಯಾಸ್ ತುಂಬೋನು:
ಎಸಿ ಮರೀಬೇಡಿ. ಅದರೊಳಗಿನ ಆರ್-410ಎ ಗ್ಯಾಸ್ 1 ಕೆಜಿ ಸೋರಿದರೆ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಸಮಿತಿ) ನಾಲ್ಕನೇ ವರದಿಯ ಪ್ರಕಾರ 2,088 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-32 ಅನ್ನೋ ಗ್ಯಾಸ್ ಆದರೆ 675. ಪೈಪಿನ ಫ್ಲೇರ್ ನಟ್ಟು ಸರಿಯಾಗಿ ಕೂರದೆ ಸೋರಿ ಖಾಲಿಯಾದ ಮೆಷಿನ್ನುಗಳನ್ನ ನಾನೇ ಎಷ್ಟೋ ಬಿಚ್ಚಿದ್ದೀನಿ. ಇದು ಕರೆಂಟ್ ಬಿಲ್ಲಲ್ಲಿ ಬರೋ ಲೆಕ್ಕ ಅಲ್ಲ.

ಹೊಸಲೆಕ್ಕಿಗ:
ಇಬ್ಬರಿಗೂ ಥ್ಯಾಂಕ್ಸ್. ಗಿಡಗಳ ಸಾಲು ಇಟ್ಟುಕೊಳ್ಳಬಹುದಾ?

ಮೂಟೆ ಎಣಿಸಿದವ:
ಮೊದಲು ಕಡಿಯೋ ಮರಗಳನ್ನ ಬರೀರಿ. ಒಣ ತೂಕಕ್ಕೆ 0.47 ಗುಣಿಸಿದರೆ ಇಂಗಾಲ, ಅದಕ್ಕೆ 44/12 ಗುಣಿಸಿದರೆ ಅನಿಲ. 200 ಕೆಜಿ ಒಣ ತೂಕದ ಮರಕ್ಕೆ ಸುಮಾರು 345 ಕೆಜಿ. ಬೇರು, ಮಣ್ಣು ಬೇರೆ. ನೆಡೋ ಗಿಡ ಮೊಣಕಾಲೆತ್ತರ ಇರುವಾಗಲೇ ಬೆಳೆದ ಮರದ ಅಂಕಿ ಕಳೆಯೋದು ಮಾತ್ರ ಬೇಡ.

ಹೊಸಲೆಕ್ಕಿಗ:
ಈಗ ನೋಡಿದೆ, ಹಳೆ ಹಾಳೆಯಲ್ಲಿ 9ರಿಂದ 14ನೇ ಸಾಲು ಹೈಡ್ ಮಾಡಿದ್ದಾರೆ. ಬಿಚ್ಚಿದರೆ ಸಿಮೆಂಟು, ಸ್ಟೀಲು, ಇಟ್ಟಿಗೆ, ಕಡಿಯೋ ಮರ ಎಲ್ಲಾ ಇದೆ! ಮರದ ಸಾಲಿನಲ್ಲಿ 44/12 ಬಿಟ್ಟುಹೋಗಿದೆ ಅಷ್ಟೇ. ಸರಿಮಾಡಿ, ಸಾಲುಗಳನ್ನ ಬಿಚ್ಚಿಟ್ಟೇ ಕಳಿಸ್ತೀನಿ. ಸ್ಟೀಲಿಗೆ ಯಾವ ಅಂಕಿ ಹಿಡೀಲಿ?

ಮೂಟೆ ಎಣಿಸಿದವ:
ಯಾವ ಕುಲುಮೆಯದು ಅಂತ ಕೇಳಿ. ಅದಿರಿನಿಂದ ಊದುಕುಲುಮೆಯಲ್ಲಿ ಮಾಡಿದ್ದಾದರೆ ಕೆಜಿಗೆ 2 ಕೆಜಿ ದಾಟುತ್ತೆ. ಗುಜರಿಯನ್ನ ವಿದ್ಯುತ್ ಕುಲುಮೆಯಲ್ಲಿ ಕರಗಿಸಿದ್ದು ಅದಕ್ಕಿಂತ ಎಷ್ಟೋ ಕಡಿಮೆ. ಮಿಲ್ಲಿನವರ ಹತ್ತಿರ ಇಪಿಡಿ (ಆ ಸರಕಿನ ಪರಿಸರ ಲೆಕ್ಕದ ಘೋಷಣಾ ಪತ್ರ) ಇದ್ದರೆ ತರಿಸಿಕೊಳ್ಳಿ, ಇಲ್ಲದಿದ್ದರೆ ಹೆಚ್ಚಿನ ಅಂಕಿಯನ್ನೇ ಹಾಕಿ.