ಅಪ್‌ಡೇಟ್: ಎನೊಡೆನ್ ರೈಲಿನಲ್ಲೇ ಹೋಗಿ ಬಂದೆವು

ಜಪಾನಿನ ಕಾಮಕುರಾದ ದೊಡ್ಡ ಬುದ್ಧನನ್ನು ನೋಡಲು ಅಮ್ಮನ ಜೊತೆ ಬಸ್ಸಿನ ಬದಲು ಎನೊಡೆನ್ ಎಂಬ ಲೋಕಲ್ ರೈಲು ಹಿಡಿಯಬಹುದಾ ಎಂದು ಕೇಳಿದ್ದೆನಲ್ಲ, ಹೋಗಿ ಬಂದೆವು. ಫುಜಿಸಾವಾದಲ್ಲಿ ಹತ್ತಿ, ನೀವು ಹೇಳಿದಂತೆ ಸಮುದ್ರ ಕಾಣಲೆಂದು ಬಲಗಡೆ ಕೂತೆವು. ಇಡೀ ಮಾರ್ಗ ಬರೀ 10 ಕಿಲೋಮೀಟರ್, ಹೋಗಲೂ ಬರಲೂ ಒಂದೇ ಹಳಿ. ಎನೊಶಿಮಾ ದಾಟಿದ್ದೇ ತಡ, ರೈಲು ರಸ್ತೆಗೇ ಇಳಿಯಿತು, ಕಾರುಗಳ ನಡುವೆ! ಆಮೇಲೆ ಮನೆಗಳ ಹಿತ್ತಲು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಥಟ್ಟನೆ ಸಮುದ್ರ. ಅಮ್ಮ ಮಾತೇ ಆಡದೆ ನನ್ನ ಕೈ ಹಿಡಿದುಕೊಂಡಳು.

ಹಸೆ ಸ್ಟೇಷನ್ನಿನಿಂದ ಸುಮಾರು 10 ನಿಮಿಷ ನಡಿಗೆ. ಬಯಲಲ್ಲಿ ಕೂತ 11 ಮೀಟರಿಗೂ ಎತ್ತರದ ಕಂಚಿನ ಬುದ್ಧ. ಒಳಗೆ ಟೊಳ್ಳು, ಹೊಕ್ಕು ನೋಡಬಹುದು. ಮಂಡಿನೋವಿದ್ದರೂ ಅಮ್ಮ ಆರಾಮಾಗಿ ನಡೆದಳು. ಬಸ್ಸು ಬೇಡ ಎಂದವರಿಗೆಲ್ಲ ತುಂಬಾ ಥ್ಯಾಂಕ್ಸ್.